ಫ್ಲೈವ್ಹೀಲ್ ಸವೆದಿಲ್ಲ ಎಂದ ಮೇಸ್ತ್ರಿ

ಕಳೆದ ತಿಂಗಳು ದೊಡ್ಡಬಳ್ಳಾಪುರ-ನೆಲಮಂಗಲ ದಾರಿಯ ಮಧುರೆ ಬಸ್‌ಸ್ಟಾಪಿನ ಹತ್ತಿರ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ್ದರು. ಬಸ್ಸಿನ ಕಿಟಕಿಯಿಂದ ನೋಡಿದೆ. ಮೇಸ್ತ್ರಿಯವರ ಫೋಟೊ ಯಾರದೋ ಮದುವೆಯಲ್ಲಿ ತೆಗೆದದ್ದಿರಬೇಕು. ಪಕ್ಕದಲ್ಲಿ ನಿಂತವರನ್ನು ಕತ್ತರಿಸಿ ತೆಗೆದಿದ್ದರೂ ಅವರ ಬೆರಳುಗಳು ಇವರ ಹೆಗಲ ಮೇಲೆ ಹಾಗೇ ಉಳಿದಿದ್ದವು. ಕೆಳಗೆ ಹೆಸರು. ಅದರ ಕೆಳಗೆ, ‘ಮೃದುಭಾಷಿ, ಎಲ್ಲರೊಂದಿಗೂ ಹೊಂದಿಕೊಂಡು ಬಾಳಿದ ಸರಳ ಜೀವಿ’ ಎಂದಿತ್ತು.

ಸರಳ ಎಂಬುದನ್ನು ಬೇಕಾದರೆ ಒಪ್ಪುತ್ತೇನೆ. ಮೃದುಭಾಷಿ ಅವರಲ್ಲ. ಹೊಂದಿಕೊಳ್ಳುವುದಂತೂ ಅವರಿಗೆ ಬರುತ್ತಲೇ ಇರಲಿಲ್ಲ. ತಮಗೆ ಸಂಬಂಧವಿಲ್ಲದ ಮಾತಿನ ಜೊತೆ ತಮ್ಮ ಹೆಸರು ಸೇರಿಕೊಂಡಿರುವುದನ್ನು ಅವರು ಬದುಕಿದ್ದಾಗಲೂ ಒಮ್ಮೆ ಕಂಡಿದ್ದರು. ಆಗ ಸುಮ್ಮನಿರಲಿಲ್ಲ. ಈಗ ಅವರಿಗೆ ಮಾತಾಡಲು ಆಗುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಇದರಲ್ಲಿ ನನ್ನ ನೆನಪು ಎಲ್ಲಿ ಎಡವುತ್ತದೋ ನನಗೇ ಗೊತ್ತಿಲ್ಲ. ಆ ಎಡವಟ್ಟಿಗೆ ಅವರ ಹೆಸರು ಯಾಕೆ?

ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನೆಲಮಂಗಲದ ಹೊರಗೆ, ಗೋಡೌನುಗಳ ಸಾಲಿನ ನಡುವೆ ಇದ್ದ ಒಂದು ದೊಡ್ಡ ಕಾರ್ ವರ್ಕ್‌ಶಾಪಿಗೆ ಅವರು ಹಿರಿಯ ಮೆಕ್ಯಾನಿಕ್. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಬೇರೆ ಕೆಲಸ ಸಿಗುವ ತನಕ ಎಂದುಕೊಂಡು ಅಲ್ಲಿಯ ಕೌಂಟರಿನಲ್ಲಿ ಕೂತವಳು. ದೊಡ್ಡಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಗಿರಾಕಿ ಹೇಳುವ ತೊಂದರೆ ಕೇಳಿಸಿಕೊಳ್ಳುವುದು, ಮೆಕ್ಯಾನಿಕ್ ಹೇಳಿದ್ದನ್ನು ಕಂಪ್ಯೂಟರಿಗೆ ಹಾಕುವುದು, ಏನೇನು ಬದಲಾಯಿಸಬೇಕು ಎಂಬ ಎಸ್ಟಿಮೇಟನ್ನು ಗಿರಾಕಿಯ ಫೋನಿಗೆ ಕಳಿಸುವುದು ನನ್ನ ಕೆಲಸ. ಕಾಲೇಜಿನ ದಿನಗಳಿಂದ ಡೈರಿ ಬರೆಯುವ ಅಭ್ಯಾಸವಿದೆ. ಕೌಂಟರಿನ ಮೇಲೂ ಅದು ಇರುತ್ತಿತ್ತು. ಈ ಬರಹದಲ್ಲಿ ಅರ್ಧ ಅದರಿಂದ ಬಂದದ್ದು, ಅರ್ಧ ತಲೆಯಿಂದ. ಎರಡೂ ಜಗಳವಾಡುವ ಕಡೆ ಹೇಳುತ್ತೇನೆ.

ಮೊದಲು ನೆನಪಾಗುವುದು ಅವರ ಅಂಗಿ. ವರ್ಕ್‌ಶಾಪಿನವರು ಎಲ್ಲರಿಗೂ ನೀಲಿ ಅಂಗಿ ಕೊಟ್ಟಿದ್ದರು. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು. ನಿಮ್ಮ ನಗುವೇ ನಮ್ಮ ಸಂಬಳ ಎಂಬ ಅರ್ಥದ್ದು. ಮೇಸ್ತ್ರಿ ಅದನ್ನು ನನ್ನಿಂದ ಓದಿಸಿ ಅರ್ಥ ಕೇಳಿದರು. ಮರುದಿನ ಅಂಗಿಯನ್ನು ಒಳಗು ಹೊರಗು ಮಾಡಿ ತೊಟ್ಟುಕೊಂಡು ಬಂದರು. ಹೊಲಿಗೆಯ ದಾರಗಳೆಲ್ಲ ಹೊರಗೆ ಕಾಣುತ್ತಿದ್ದವು. ಮ್ಯಾನೇಜರ್ ಏನಿದು ಎಂದು ಕೇಳಿದಾಗ, “ನಂಗೆ ಸಂಬಳ ಬೇಕು ಸಾರ್. ಬೇಡ ಅಂತ ನನ್ನ ಬೆನ್ನ ಮೇಲೆ ಯಾಕೆ ಬರ್ದಿದೀರಿ?” ಎಂದರು. ಇದು ಒಂದು ದಿನ ನಡೆದದ್ದೋ, ಕೊನೆಯವರೆಗೂ ಹೀಗೇ ತೊಟ್ಟರೋ ಎಂದು ಕೇಳಿದರೆ, ಕೊನೆಯವರೆಗೂ ಎಂದು ನನ್ನ ನೆನಪು ಹೇಳುತ್ತದೆ. ಡೈರಿಯಲ್ಲಿ ಒಂದೇ ಸಲ ಇದೆ. ಆದರೆ ದಿನಾ ನಡೆಯುವುದನ್ನು ಯಾರು ದಿನಾ ಬರೆಯುತ್ತಾರೆ?

ಯಾವ ಭಾಗವನ್ನೂ ಮುಟ್ಟದೆ ಅವರು ತೀರ್ಪು ಹೇಳುತ್ತಿರಲಿಲ್ಲ. ಮುಟ್ಟುವ ಮುಂಚೆ ಬಟ್ಟೆ ಚೂರಿನಲ್ಲಿ ಕೈ ಒರೆಸುತ್ತಿದ್ದರು, ಒಂದೊಂದೇ ಬೆರಳು, ಉಗುರಿನ ಸಂದು ಸಹಿತ. ಕೊಳೆಯಾಗುವ ಕೆಲಸಕ್ಕೆ ಮುಂಚೆ ಕೈ ಒರೆಸುವ ಮೆಕ್ಯಾನಿಕನ್ನು ನಾನು ಇನ್ನೆಲ್ಲೂ ನೋಡಿಲ್ಲ. ಗಿರಾಕಿ ಹತ್ತಿರವಿದ್ದರೆ ಅವರ ಕೈಗೂ ಬಟ್ಟೆ ಕೊಟ್ಟು, ನೀವೂ ಮುಟ್ಟಿ ಎನ್ನುತ್ತಿದ್ದರು. ಕೆಲವರು ಇಸ್ತ್ರಿ ಮಾಡಿದ ಅಂಗಿ ನೋಡಿಕೊಂಡು ಹಿಂದೆ ಸರಿಯುತ್ತಿದ್ದರು. ಅಂಥವರಿಗೆ ಅವರು ವಿವರಣೆಯನ್ನೂ ಕೊಡುತ್ತಿರಲಿಲ್ಲ.

ಒಮ್ಮೆ ಗೇರ್ ಬೀಳುತ್ತಿಲ್ಲ ಎಂದು ಒಂದು ಕಾರು ಬಂತು. ಬಂದ ಹೊತ್ತಿಗೇ ಕ್ಲಚ್ ಸೆಟ್ ಬದಲಾಯಿಸಬೇಕೆಂದು ಯಾರೋ ಬರೆದಾಗಿತ್ತು. ಮೇಸ್ತ್ರಿ ಬಾಗಿಲು ತೆಗೆದು ಬಗ್ಗಿ, ಕ್ಲಚ್ ಪೆಡಲಿನ ಕೆಳಗೆ ಮುದುರಿಕೊಂಡಿದ್ದ ದಪ್ಪ ಮ್ಯಾಟನ್ನು ಎಳೆದು ಗಿರಾಕಿಯ ಕೈಗೆ ಕೊಟ್ಟರು. ಪೆಡಲ್ ಪೂರ್ತಿ ಕೆಳಗೆ ಹೋಗಲು ಅದು ಬಿಡುತ್ತಿರಲಿಲ್ಲ. ಬದಲಾಯಿಸಬೇಕಾದ್ದು ಇದು ಎಂದು ಹೇಳಿ ಟೀ ಕುಡಿಯಲು ಹೋದರು. ಗಿರಾಕಿ ನಕ್ಕ. ಮ್ಯಾನೇಜರ್ ನಗಲಿಲ್ಲ.

ಅವರು ತಪ್ಪಿದ್ದೂ ಉಂಟು. ಒಂದು ಟ್ಯಾಕ್ಸಿಯ ಕ್ಲಚ್ ಇನ್ನೂ ಆರು ತಿಂಗಳು ಬರುತ್ತದೆ ಎಂದು ಕಳಿಸಿದ್ದರು. ಅದು ಹದಿನೈದು ದಿನಕ್ಕೆ ದಾಬಸ್‌ಪೇಟೆಯ ಹತ್ತಿರ ಕೈಕೊಟ್ಟಿತು. ಗಾಡಿಯನ್ನು ಎಳೆದು ತಂದಾಗ ಕಂಪ್ಯೂಟರಿನಲ್ಲಿ ಆ ಗಾಡಿಯ ಹಳೆಯ ಜಾಬ್ ಕಾರ್ಡ್ ತೆಗೆಯಲು ಹೇಳಿದರು. ನಾನು ವಾಹನ ಚಾಲನೆಯ ದೋಷ ಎಂದು ಹಾಕಲು ಹೊರಟಿದ್ದೆ. ಹಾಗೆ ಹಾಕುವುದೇ ಅಲ್ಲಿಯ ರೂಢಿ. ಅವರು ಪರದೆಯ ಮೇಲೆ ಬೆರಳಿಟ್ಟು ತಡೆದರು.

“ಡ್ರೈವರ್‌ದು ತಪ್ಪಿಲ್ಲ ಕಣಮ್ಮ. ಮೇಸ್ತ್ರಿ ತಪ್ಪು ಹೇಳಿದ್ರು ಅಂತ ಹಾಕು. ನನ್ನ ಹೆಸರಲ್ಲೇ ಹಾಕು.”

ಹಾಗೆ ಹಾಕಲು ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಕಾಗದದ ಮೇಲೆ ಬರೆಸಿ ಸಹಿ ಹಾಕಿದರು. ಆ ಕಾಗದ ಯಾರಿಗೂ ಬೇಕಿರಲಿಲ್ಲ. ಮ್ಯಾನೇಜರ್ ಅದನ್ನು ಎಲ್ಲಿ ಇಟ್ಟರೋ ತಿಳಿಯದು.

ಈಗ ಕೆಂಪು ಕಾರಿನ ವಿಷಯ. ಮಧುರೆಯ ಹತ್ತಿರ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುವ ಒಬ್ಬರಿದ್ದಾರೆ. ವರ್ಕ್‌ಶಾಪಿನಲ್ಲಿ ನಾವು ಅವರನ್ನು ಗುಲಾಬಿ ಗೌಡರು ಎನ್ನುತ್ತಿದ್ದೆವು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಒಂದು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಊರಿನವರು ಅದರ ಬಗ್ಗೆ ಬಹಳ ನಗುತ್ತಿದ್ದರಂತೆ. ಕಾರಿನಿಂದ ಇಳಿಯಬೇಕಾದರೆ ಗೌಡರು ಮೊದಲು ಎರಡೂ ಕಾಲು ಹೊರಗಿಟ್ಟು, ಆಮೇಲೆ ಕೈಯೂರಿ, ಹಸು ಏಳುವ ಹಾಗೆ ಏಳಬೇಕಿತ್ತು. ಅವರಿಗೆ ಅದರ ಬಗ್ಗೆ ನಾಚಿಕೆಯಿರಲಿಲ್ಲ. ಚಿಕ್ಕಂದಿನಿಂದ ಆಸೆ ಇತ್ತು, ತಗೊಂಡೆ, ಅಷ್ಟೇ ಎನ್ನುತ್ತಿದ್ದರು.

ಆ ಕಾರು ಏರಿನಲ್ಲಿ ಗರ್ ಎಂದು ಸದ್ದು ಮಾಡುತ್ತಿತ್ತು, ವೇಗ ಮಾತ್ರ ಏರುತ್ತಿರಲಿಲ್ಲ. ಸುಟ್ಟ ವಾಸನೆಯೂ ಬರುತ್ತಿತ್ತು. ಮೇಸ್ತ್ರಿ ಗೌಡರನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತು ಮಧುರೆಯ ಕಡೆಗೆ ಹೊರಟರು. ಆ ದಾರಿಯ ಪ್ರತಿ ಊರಿನ ಮುಂದೆಯೂ ವೇಗ ತಡೆಯುವ ಹಂಪು. ಗೌಡರು ಪ್ರತಿ ಹಂಪನ್ನೂ ಕಾರನ್ನು ಓರೆ ಮಾಡಿ, ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು, ಇಂಚಿಂಚಾಗಿ ದಾಟಿಸುತ್ತಿದ್ದರು. ಹಂಪು ದಾಟಿದ ಮೇಲೂ ಎಡಗಾಲು ಕ್ಲಚ್ ಪೆಡಲಿನ ಮೇಲೇ ಇರುತ್ತಿತ್ತು. ಕ್ಲಚ್ ಸುಡುತ್ತಿದ್ದದ್ದು ಅದರಿಂದಲೇ.

“ಗೌಡ್ರೇ, ಎಡಗಾಲು ಎಲ್ಲಿಟ್ಟಿದೀರಿ?”

“ಎಲ್ಲಿರ್ಬೇಕೋ ಅಲ್ಲೇ ಇದೆಯಲ್ಲ ಮೇಸ್ತ್ರಿ.”

“ಟ್ರ್ಯಾಕ್ಟರ್ ಕಾಲು ತಂದು ಇದರ ಮೇಲೆ ಇಟ್ಟಿದೀರಿ. ಇದೇನ್ ಉಳೋಕ್ ಹೋಗ್ತಾ ಇದೆಯಾ?”

ಈ ಸಂಭಾಷಣೆಯನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿದ್ದೇನೆ. ಗೌಡರ ಕತ್ತು ಕೆಂಪಾದದ್ದನ್ನು ಕಂಡಿದ್ದೇನೆ. ಆದರೆ ಆ ಕಾರಿಗೆ ಹಿಂದಿನ ಸೀಟೇ ಇರಲಿಲ್ಲ. ನಾನು ಹೋಗಿರಲೂ ಇಲ್ಲ. ಮೇಸ್ತ್ರಿ ವಾಪಸು ಬಂದು ಹೇಳಿದ್ದು, ಇಷ್ಟು ವರ್ಷಗಳಲ್ಲಿ ನಾನೇ ಕಂಡದ್ದಾಗಿಬಿಟ್ಟಿದೆ. ಮುಂದಿನದನ್ನು ಓದುವಾಗ ಇದು ನೆನಪಿರಲಿ ಎಂದೇ ಇಲ್ಲಿ ಹೇಳಿದ್ದು.

ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದರು. ಕ್ಲಚ್ ಪ್ಲೇಟ್ ಸವೆದು ರಿವೆಟ್ಟಿನ ತಲೆಗಳು ಕಾಣುತ್ತಿದ್ದವು. ಅದನ್ನು ಬದಲಾಯಿಸಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪ್ರಶ್ನೆ ಇದ್ದದ್ದು ಫ್ಲೈವ್ಹೀಲಿನದು. ಅದು ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರವಾದ ಉಕ್ಕಿನ ಚಕ್ರ. ಕ್ಲಚ್ ಪ್ಲೇಟ್ ಕಚ್ಚಿ ಹಿಡಿಯುವುದು ಅದರ ಮುಖವನ್ನೇ. ಬಿಸಿಗೆ ಅದರ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆಗಳು ಎದ್ದಿದ್ದವು. ಮೇಸ್ತ್ರಿ ಪೆಟ್ರೋಲು ಹಾಕಿ ಒರೆಸಿದರು. ಟಾರ್ಚನ್ನು ಓರೆಯಾಗಿ ಹಿಡಿದು ಸೀಳು ಹುಡುಕಿದರು. ಅಡ್ಡಲಾಗಿ ಉಗುರು ಎಳೆದರು. ಸೊಟ್ಟಗಾಗಿದೆಯೇ ಎಂದು ತಿಳಿಯಲು ಗೇಜು ಕಟ್ಟಿ ಚಕ್ರವನ್ನು ನಿಧಾನವಾಗಿ ತಿರುಗಿಸಿ, ಮುಳ್ಳು ಅಲುಗುತ್ತದೆಯೇ ಎಂದು ನೋಡಿದರು. ಆಮೇಲೆ ಚಕ್ರ ಬಿಚ್ಚಿ ಹಿಂಭಾಗವನ್ನೂ ನೋಡಿದರು. ಇದಕ್ಕೆಲ್ಲ ಅರ್ಧ ದಿನ ಹಿಡಿಯಿತು. ನೀಲಿ ಬಿದ್ದಿದೆ, ಸೀಳು ಬಿದ್ದಿಲ್ಲ, ಉಪ್ಪುಕಾಗದ ಹಾಕಿ ಉಜ್ಜಿದರೆ ಸಾಕು, ಇದೇ ಇರಲಿ ಎಂದರು.

ಮ್ಯಾನೇಜರ್ ಒಪ್ಪಲಿಲ್ಲ. ಅವರ ವಾದವೂ ಹುರುಳಿಲ್ಲದ್ದಲ್ಲ. ಗೇರ್‌ಬಾಕ್ಸ್ ಇಳಿಸುವುದು ದೊಡ್ಡ ಕೆಲಸ. ನಾಳೆ ಕಾರು ನಡುಗಿದರೆ ಮತ್ತೆ ಬಿಚ್ಚಬೇಕು, ಕೆಟ್ಟ ಹೆಸರು ವರ್ಕ್‌ಶಾಪಿಗೆ. ಬಿಚ್ಚಿದಾಗಲೇ ಎರಡನ್ನೂ ಹಾಕಿಬಿಡುವುದು ಕ್ಷೇಮ. ಕೌಂಟರಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಈ ಮಾತು ನಡೆಯಿತು. ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದರು.

“ಹಾಕಿ ಸಾರ್, ನಾನೇನ್ ಬೇಡ ಅಂದೆನಾ? ಹಳೇದು ಚೆನ್ನಾಗಿದೆ, ಆದ್ರೂ ಹೊಸದು ಹಾಕ್ತೀವಿ ಅಂತ ಬರೀರಿ. ಸವೆದಿದೆ ಅಂತ ಬರೀಬೇಡಿ.”

“ಹಂಗ್ ಬರೆದ್ರೆ ಯಾರ್ ಒಪ್ತಾರೆ ಮೇಸ್ತ್ರಿ?”

“ಒಪ್ಪಲ್ಲ ಅಂತ ನಿಮಗೇ ಗೊತ್ತಲ್ಲ. ಮತ್ತೆ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?”

ಅವರು ಹೋದ ಮೇಲೆ ಮ್ಯಾನೇಜರ್ ನನಗೆ ಎಸ್ಟಿಮೇಟ್ ಕಳಿಸಲು ಹೇಳಿದರು. ಕಂಪ್ಯೂಟರಿನಲ್ಲಿ ಸಿದ್ಧ ಸಾಲುಗಳಿರುತ್ತವೆ. ಭಾಗದ ಹೆಸರು ಆರಿಸಿದರೆ ಪಕ್ಕದಲ್ಲಿ ಕಾರಣಗಳ ಪಟ್ಟಿ ಬರುತ್ತದೆ. ‘ಸವೆದಿದೆ, ಬದಲಾಯಿಸಬೇಕು’ ಎಂಬುದು ಎಲ್ಲಕ್ಕಿಂತ ಮೇಲಿನದು. ಪರಿಶೀಲಿಸಿದವರು ಎಂದು ಮೆಕ್ಯಾನಿಕ್‌ನ ಹೆಸರು ಅದರ ಕೆಳಗೆ ತಾನಾಗಿಯೇ ಬರುತ್ತದೆ. ನಾನು ಒತ್ತಿದೆ.

ಒತ್ತುವ ಮುಂಚೆ ಬಹಳ ಹೊತ್ತು ಕೈ ತಡೆಯಿತು ಎಂದು ನನ್ನ ನೆನಪು. ಡೈರಿಯಲ್ಲಿ ಇಷ್ಟೇ ಇದೆ: ‘ಬಸ್ಸು ತಡ. ಮಧ್ಯಾಹ್ನ ಚಿತ್ರಾನ್ನ. ಕೆಂಪು ಕಾರಿನ ಎಸ್ಟಿಮೇಟ್ ಕಳಿಸಿದೆ.’ ಕೈ ತಡೆದ ಸುದ್ದಿ ಅಲ್ಲಿಲ್ಲ. ನನಗೆ ನಾನೇ ಆಮೇಲೆ ಮಾಡಿಕೊಟ್ಟ ಅನುಕೂಲ ಅದು ಎಂದು ಈಗ ಅನಿಸುತ್ತದೆ.

ಮರುದಿನ ಬೆಳಿಗ್ಗೆ ಗುಲಾಬಿ ಗೌಡರು ಹೂವಿನ ಬಾಕ್ಸುಗಳಿದ್ದ ಪಿಕಪ್ಪಿನಲ್ಲಿ ಬಂದರು. ಅಂಗಳದಲ್ಲಿ ಮೇಸ್ತ್ರಿ ಸಿಕ್ಕಿದರು. ಗೌಡರು ಫೋನು ತೋರಿಸಿ, ನೀವೇ ನೋಡಿ ಹೇಳಿದ ಮೇಲೆ ನನ್ನದೇನೂ ಪ್ರಶ್ನೆಯಿಲ್ಲ, ಹೊಸ ಫ್ಲೈವ್ಹೀಲೇ ಹಾಕಿ ಎಂದರು. ಮೇಸ್ತ್ರಿ ಜೇಬಿನಿಂದ ಕನ್ನಡಕ ತೆಗೆದರು. ಅದರ ಒಂದು ಕಡ್ಡಿಗೆ ದಾರ ಸುತ್ತಿತ್ತು. ಫೋನನ್ನು ದೂರ ಹಿಡಿದು ಓದಿ, ಹಿಂದಕ್ಕೆ ಕೊಟ್ಟು ಶೆಡ್ಡಿನ ಒಳಗೆ ಹೋದರು. ಇದನ್ನು ಗಾಜಿನ ಗೋಡೆಯ ಈಚೆಯಿಂದ ನಾನು ನಿಜವಾಗಿಯೂ ಕಂಡೆ.

ಎಸಿ ಇರುವ ಸ್ವಾಗತ ಕೋಣೆಗೆ ಮೆಕ್ಯಾನಿಕ್‌ಗಳು ಬರಬಾರದು ಎಂಬ ನಿಯಮವಿತ್ತು. ಮೇಸ್ತ್ರಿ ಭುಜದಿಂದ ಬಾಗಿಲು ತಳ್ಳಿಕೊಂಡು ಬಂದರು. ಎರಡೂ ಕೈಯಲ್ಲಿ ಆ ಚಕ್ರವನ್ನು ಎದೆಗವಚಿ ಹಿಡಿದಿದ್ದರು. ನೇರ ಬಂದು ನನ್ನ ಕೌಂಟರಿನ ಮೇಲೆ ಇಟ್ಟರು. ಅಲ್ಲಿ ನನ್ನ ಡೈರಿ ತೆರೆದಿತ್ತು. ಚಕ್ರದ ಒಂದು ಅಂಚು ಅದರ ಮೇಲೆ ಕೂತಿತು. ಗೌಡರು ಹಿಂದೆಯೇ ಬಂದರು. ಮೇಸ್ತ್ರಿ ಅವರ ಕೈಗೆ ಬಟ್ಟೆ ಚೂರು ಕೊಟ್ಟರು.

“ಕೈ ಒರೆಸ್ಕೊಳಿ ಗೌಡ್ರೇ. ಇಲ್ಲಿ ಮುಟ್ಟಿ. ಉಗುರು ಎಳೀರಿ. ಎಲ್ಲಾದ್ರೂ ಸಿಕ್ಕಾಕೊಳ್ತಾ?”

ಗೌಡರು ಎಳೆದರು. ಇಲ್ಲ ಎಂದರು.

“ಇದು ಸವೆದಿದೆ ಅಂತ ನನ್ನ ಹೆಸರಲ್ಲಿ ಬಂದಿದೆ. ನಾನು ಹಂಗೆ ಹೇಳಿಲ್ಲ. ಹೇಳೋದೂ ಇಲ್ಲ.”

ಮ್ಯಾನೇಜರ್ ಎದ್ದು ಬಂದು, ಒಳಗೆ ಹೋಗಿ ಮಾತಾಡೋಣ ಎಂದು ಮೆಲ್ಲಗೆ ಹೇಳಿದರು.

“ಒಳಗೇ ಹೇಳಿದ್ದೆ ಸಾರ್. ಹೊರಗೆ ಬರೋ ಹೊತ್ತಿಗೆ ಬೇರೆ ಆಗಿತ್ತು.”

ಹಾಗಾದರೆ ಇದನ್ನು ಬರೆದದ್ದು ಯಾರು ಎಂದು ಗೌಡರು ಕೇಳಿದರು. ಕೋಣೆಯಲ್ಲಿ ಇನ್ನಿಬ್ಬರು ಗಿರಾಕಿಗಳೂ ಇದ್ದರು. ಅವರೂ ತಿರುಗಿ ನೋಡಿದರು. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದು ನನಗೆ ಖಂಡಿತವಾಗಿ ಗೊತ್ತು. ನಾನು ಅವರನ್ನೇ ನೋಡುತ್ತಿದ್ದೆ. “ಯಾರಾದ್ರೂ ಆಗ್ಲಿ. ನಾನಲ್ಲ,” ಎಂದರು. ಅದಾದ ಮೇಲೆ ನಾನು ಎದ್ದು ನಿಂತು, ನಾನು ಬರೆದದ್ದು ಎಂದೆ. ಇಷ್ಟು ವರ್ಷ ನನ್ನ ನೆನಪಿನಲ್ಲಿ ಇದ್ದದ್ದು ಹಾಗೆ. ಡೈರಿಯ ಆ ಪುಟದಲ್ಲಿ ಬರಹವಿಲ್ಲ. ಎಣ್ಣೆಯ ಒಂದು ಕಪ್ಪು ಕಲೆಯಿದೆ. ಮೊದಲು ಬಿಲ್ಲಿನಂತೆ ಬಾಗಿ, ಆಮೇಲೆ ಅಂಚಿನವರೆಗೂ ಉಜ್ಜಿಹೋಗಿದೆ.

ಗೌಡರು ಹೊಸ ಪ್ಲೇಟ್ ಹಾಕಿ, ಹಳೆಯ ಫ್ಲೈವ್ಹೀಲೇ ಇರಲಿ ಎಂದರು. ಹಾಗಾದರೆ ಗ್ಯಾರಂಟಿ ಇಲ್ಲ ಎಂದು ಮ್ಯಾನೇಜರ್ ಹೇಳಿದರು. ಮೇಸ್ತ್ರಿ ಅವತ್ತೇ ಕೂತು ಎಲ್ಲವನ್ನೂ ತಾವೇ ಜೋಡಿಸಿದರು. ಓಡಿಸಿ ನೋಡಿ ಕೀಲಿ ಕೊಟ್ಟರು. ಆಮೇಲೆ ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು, ಆ ನೀಲಿ ಅಂಗಿಯನ್ನು ಬೆನ್ನಿನ ಸಾಲು ಮೇಲೆ ಕಾಣುವಂತೆ ಸರಿಯಾಗಿ ಮಡಚಿ ಮ್ಯಾನೇಜರ್ ಮೇಜಿನ ಮೇಲಿಟ್ಟು ಹೊರಟರು. ಕೆಲಸದಿಂದ ತೆಗೆದುಹಾಕಿದೆವು ಎಂದು ವರ್ಕ್‌ಶಾಪಿನವರು ಹೇಳಿಕೊಂಡರು. ಬಿಟ್ಟೆ ಎಂದು ಮೇಸ್ತ್ರಿ. ಇದರಲ್ಲಿ ಯಾರನ್ನು ನಂಬುತ್ತೇನೆಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಅವರು ಮಧುರೆ ದಾಟಿದ ಮೇಲೆ ರಸ್ತೆ ಬದಿಯಲ್ಲಿ ತಗಡಿನ ಶೆಡ್ ಹಾಕಿದರು. ಟ್ರ್ಯಾಕ್ಟರು, ಗೂಡ್ಸ್ ಆಟೋ, ಅಪರೂಪಕ್ಕೆ ಕಾರು. ನಾನೂ ಕೆಲವು ತಿಂಗಳಲ್ಲಿ ಆ ಕೆಲಸ ಬಿಟ್ಟು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಪಾಠಕ್ಕೆ ಸೇರಿದೆ. ನೆಲಮಂಗಲದ ಕಡೆ ಹೋಗುವ ದಿನ ಅವರ ಶೆಡ್ಡಿನ ಹತ್ತಿರ ಇಳಿದು ಮಾತಾಡಿಸುತ್ತಿದ್ದೆ. ಏನಮ್ಮಾ, ಮಕ್ಕಳಿಗೆ ಸರಿಯಾದ್ದು ಹೇಳ್ಕೊಡ್ತಿದೀಯಾ ಎಂದು ಕೇಳುತ್ತಿದ್ದರು. ಆ ದಿನದ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರೆದವಳು ನಾನೆಂದು ಅವತ್ತೇ ಹೇಳಿ ಆಗಿದೆಯಲ್ಲ ಎಂದುಕೊಂಡಿದ್ದೆ.

ಎರಡು ವರ್ಷದ ಹತ್ತಿರ ಆಗಿತ್ತು. ಒಂದು ಸಲ ಇಳಿದಾಗ ಕೆಂಪು ಕಾರು ಅಲ್ಲಿತ್ತು. ಹೊರಡುವಾಗ ಇಡೀ ಗಾಡಿ ನಡುಗುತ್ತದೆ ಎಂದು ಗೌಡರು ತಂದಿದ್ದರು. ಮೇಸ್ತ್ರಿ ಬಿಚ್ಚಿ, ಒರೆಸಿ, ಟಾರ್ಚು ಹಿಡಿದು ನೋಡಿ, ಫ್ಲೈವ್ಹೀಲ್ ಬದಲಾಯಿಸಬೇಕು ಎಂದರು. ಗೌಡರಿಗೆ ಸಿಟ್ಟು ಬಂತು. ಅವತ್ತೇ ಹಾಕಿಸಿದ್ದರೆ ಇವತ್ತು ಮತ್ತೆ ಬಿಚ್ಚುವ ಪಾಡು ಇರುತ್ತಿರಲಿಲ್ಲ, ಆ ಮ್ಯಾನೇಜರ್ ಕೇಳಿದರೆ ನಗುತ್ತಾನೆ ಎಂದರು.

“ನಗ್ಲಿ ಬಿಡಿ. ಅವತ್ತು ಚೆನ್ನಾಗಿತ್ತು, ಇವತ್ತು ಸೀಳಿದೆ. ಎರಡೂ ನಾನೇ ಹೇಳಿದ್ದು. ಮುಂದೆ ಸವೆಯುತ್ತೆ ಅನ್ನೋದು ಬೇರೆ, ಸವೆದಿದೆ ಅನ್ನೋದು ಬೇರೆ. ಎಂದಾದ್ರೂ ಸಾಯ್ತೀನಿ ಅಂತ ಇವತ್ತೇ ನನ್ನ ತಿಥಿ ಮಾಡ್ತೀರಾ?”

ಗೌಡರಿಗೆ ನಗು ಬಂದುಬಿಟ್ಟಿತು. ಮೇಸ್ತ್ರಿ ನಗಲಿಲ್ಲ. “ಎಡಗಾಲು ಇನ್ನೂ ಅಲ್ಲೇ ಇದೆ, ಅದನ್ನ ಮೊದಲು ತೆಗೀರಿ,” ಎಂದು ಸೇರಿಸಿದರು. ಈ ದಿನದ ಮಾತು ಡೈರಿಯಲ್ಲಿ ಸಂಜೆಯೇ ಬರೆದಿಟ್ಟದ್ದು. ಇದನ್ನು ನಂಬಬಹುದು.

ಅವರು ಹೃದಯಾಘಾತದಿಂದ ತೀರಿಕೊಂಡರು. ನನಗೆ ತಿಳಿದದ್ದು ಫ್ಲೆಕ್ಸ್ ನೋಡಿದಾಗಲೇ. ಅದನ್ನು ಹಾಕಿಸಿದವರು ಗುಲಾಬಿ ಗೌಡರು ಎಂದು ಗೊತ್ತಾಗಿ, ಆ ಭಾನುವಾರ ಅವರ ತೋಟಕ್ಕೆ ಹೋದೆ. ಪಾಲಿಹೌಸಿನ ಗೇಟು ಗಾಳಿಗೆ ಬಡಿಯದಿರಲೆಂದು ಒಂದು ಉಕ್ಕಿನ ಚಕ್ರವನ್ನು ಒತ್ತುಕೊಟ್ಟು ಇಟ್ಟಿದ್ದರು. ಅದೇ. ಆ ಹಳೆಯ ಫ್ಲೈವ್ಹೀಲಿಗೆ ತುಕ್ಕು ಹಿಡಿದಿತ್ತು. ಸೀಳುಗಳು ಬರಿಗಣ್ಣಿಗೇ ಕಾಣುತ್ತಿದ್ದವು.

ಮೃದುಭಾಷಿ ಎಂದು ಯಾಕೆ ಹಾಕಿಸಿದಿರಿ ಎಂದು ಕೇಳಿದೆ. ಗೌಡರು ತಬ್ಬಿಬ್ಬಾದರು.

“ನಾನೆಲ್ಲಿ ಹಾಕಿಸ್ದೆ ಮೇಡಂ? ಫೋಟೊ, ಹೆಸರು ಕೊಟ್ಟೆ. ಮಿಕ್ಕಿದ್ದು ಫ್ಲೆಕ್ಸ್ ಅಂಗಡಿಯವನ ಹತ್ರ ರೆಡಿ ಇರುತ್ತೆ. ಎಲ್ಲಾರ್ಗೂ ಅದೇ.”

ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ. ವಿಷಯ ಬದಲಾಯಿಸಲು, ಆ ದಿನ ಕೌಂಟರಿನಲ್ಲಿ ನಾನು ಎದ್ದು ಹೇಳಿದ್ದು ನಿಮಗೆ ನೆನಪಿದೆಯೇ ಎಂದು ಕೇಳಿದೆ. ಅವರು ಗೇಟಿನ ಚಕ್ರದ ಕಡೆ ನೋಡಿದರು.

“ನೀವು? ನೀವೇನೂ ಹೇಳ್ಲಿಲ್ಲ ಮೇಡಂ. ಚಕ್ರದಡಿ ನಿಮ್ಮ ಪುಸ್ತಕ ಸಿಕ್ಕಾಕೊಂಡಿತ್ತು. ಅದನ್ನ ಎಳ್ಕೊಂಡ್ರಿ.”

ಬಸ್ಸಿನಲ್ಲಿ ಬರುವಾಗ, ಗೌಡರಿಗೆ ಮರೆತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಹಳೆಯ ಡೈರಿ ತೆಗೆದೆ. ಕಲೆ ಹಾಗೇ ಇದೆ. ಬಾಗಿದ ಗೆರೆ, ಅಲ್ಲಿಂದ ಆಚೆಯ ಅಂಚಿನವರೆಗೆ ಎಳೆದ ಕಪ್ಪು, ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡರೆ ಬೀಳುವಂಥದ್ದು. ಯಾವ ಕಡೆಗೆ ಎಳೆದದ್ದು ಎಂದು ಬೆರಳಿಟ್ಟು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಕೈ ಒರೆಸಿಕೊಂಡು ಮುಟ್ಟಿ ನೋಡಿದೆ.

ಆ ಪುಟದಲ್ಲಿ ಜಾಗವಿತ್ತು. ಕಲೆಯ ಕೆಳಗೆ ಬರೆದೆ: ‘ಫ್ಲೈವ್ಹೀಲ್ ಸವೆದಿರಲಿಲ್ಲ. ಮೇಸ್ತ್ರಿ ಹಾಗೆಂದೇ ಹೇಳಿದ್ದರು. ಸವೆದಿದೆ ಎಂದು ಅವರ ಹೆಸರಿನಲ್ಲಿ ಬರೆದವಳು ನಾನು. ಯಾರು ಬರೆದದ್ದು ಎಂದು ಕೇಳಿದಾಗ ಸುಮ್ಮನಿದ್ದವಳೂ ನಾನು. ಅವರು ಮೃದುಭಾಷಿಯಾಗಿರಲಿಲ್ಲ.’

ಕೆಳಗೆ ನನ್ನ ಹೆಸರು ಹಾಕಿದೆ.